ಒಂದೇ ವೆಟ್‌ಸೂಟ್ ಕೊಳ್ಳುವುದಾದರೆ ತೋಳಿರುವುದನ್ನೇ ಕೊಳ್ಳಿ

ಮಂಗಳೂರಿನ ತಣ್ಣೀರುಬಾವಿ, ಪಣಂಬೂರಿನಲ್ಲಿ ಈಜಿ ಬೆಳೆದವರಿಗೆ ವೆಟ್‌ಸೂಟಿನ, ಅಂದರೆ ತಣ್ಣೀರಿನಲ್ಲಿ ಮೈ ಬೆಚ್ಚಗಿಡುವ ಬಿಗಿಯಾದ ರಬ್ಬರ್ ಈಜುಡುಗೆಯ, ಅಗತ್ಯವೇ ಬೀಳುವುದಿಲ್ಲ. ನಮ್ಮ ಕಡಲಿನ ನೀರು ವರ್ಷದ ಬಹುಪಾಲು 27ರಿಂದ 30 ಡಿಗ್ರಿ ಸೆಲ್ಸಿಯಸ್ ಇರುತ್ತದೆ. ಗೋವಾದ ಐರನ್‌ಮ್ಯಾನ್ 70.3ಕ್ಕೆ (ಈಜು, ಸೈಕಲ್, ಓಟ ಒಂದರ ಹಿಂದೊಂದು ಬರುವ ಟ್ರಯಥ್ಲಾನ್, ಪೂರ್ಣ ಐರನ್‌ಮ್ಯಾನ್‌ನ ಅರ್ಧ ದೂರ) ಮೀರಾಮಾರ್‌ನಲ್ಲಿ ನೀರಿಗಿಳಿಯುವಾಗಲೂ ಅದರ ಚಿಂತೆ ಇರಲಿಲ್ಲ. ಆಸ್ಟ್ರಿಯಾದ ಕ್ಲಾಗನ್‌ಫರ್ಟ್‌ನ ಪೂರ್ಣ ಐರನ್‌ಮ್ಯಾನ್‌ಗೆ ಹೆಸರು ಕೊಟ್ಟ ಮೇಲೆ ಈ ಪ್ರಶ್ನೆ ನನ್ನೆದುರು ಬಂತು: ವೆಟ್‌ಸೂಟ್ ತೋಳಿರುವುದೋ, ತೋಳಿಲ್ಲದ ಸ್ಲೀವ್‌ಲೆಸ್ಸೋ? ಈಗ ನಮ್ಮೂರಿಂದ ಯುರೋಪಿನ ಸ್ಪರ್ಧೆಗಳಿಗೆ ಹೊರಟವರೂ ನನ್ನಲ್ಲಿ ಇದನ್ನೇ ಕೇಳುತ್ತಾರೆ.

ಕ್ಲಾಗನ್‌ಫರ್ಟ್‌ನ ಈಜು 3.8 ಕಿ.ಮೀ. ವೋರ್ಥರ್‌ಸೀ ಸರೋವರದಲ್ಲಿ ಶುರುವಾಗಿ, ಕೊನೆಯ ಭಾಗ ಲೆಂಡ್ ಕಾಲುವೆಯೊಳಗೆ ಸಾಗುತ್ತದೆ. ಆಲ್ಪ್ಸ್ ಸೀಮೆಯ ಕೆರೆಯಾದರೂ ಬೇಸಿಗೆಯಲ್ಲಿ ಚೆನ್ನಾಗಿಯೇ ಬೆಚ್ಚಗಾಗುತ್ತದೆ. ನೀರು 24.5 ಡಿಗ್ರಿ ದಾಟಿದರೆ ನಮ್ಮಂಥ ವಯೋಗುಂಪಿನ (ವೃತ್ತಿಪರರಲ್ಲದ) ಸ್ಪರ್ಧಿಗಳು ವೆಟ್‌ಸೂಟ್ ಹಾಕುವಂತಿಲ್ಲ. ಹಾಕಲು ಅನುಮತಿ ಇದ್ದಾಗಲೂ ಅದರ ದಪ್ಪ ಎಲ್ಲಿಯೂ 5 ಮಿ.ಮೀ. ಮೀರಬಾರದು. ಇಂಥ ಕಡೆಗೆ ಹೊರಟವರಿಗೆ ಎಲ್ಲರೂ ಹೇಳುವುದು, ‘ಇಪ್ಪತ್ತು ದಾಟಿದ ಮೇಲೆ ಸ್ಲೀವ್‌ಲೆಸ್ ಸಾಕು, ತೋಳಿದ್ದರೆ ಸೆಖೆಯಾಗ್ತದೆ’ ಎಂದು. ಹಾಗೆ ಹೇಳುವವರು ಹದಿನಾರು ಡಿಗ್ರಿಯ ನೀರಿಗೆ ಒಗ್ಗಿದವರು. ಅವರಿಗೆ 22 ಡಿಗ್ರಿ ಹಿತ. 29 ಡಿಗ್ರಿಯಲ್ಲಿ ಈಜುವ ನಮಗೆ ಅದೇ ನೀರು ಉಸಿರು ಹಿಡಿಸುವಷ್ಟು ತಂಪು. ಸ್ಲೀವ್‌ಲೆಸ್ ಇರುವುದು ಹದವಾದ ನೀರಿಗೆ, ಅಂಥ ನೀರು ನಮ್ಮ ಊರಲ್ಲಿ ಇಲ್ಲವೇ ಇಲ್ಲ. ನಾವು ವೆಟ್‌ಸೂಟ್ ತೊಡುವುದೇ ನಮಗೆ ಚಳಿಯಾಗುವ ಜಾಗಕ್ಕೆ ಹೋದಾಗ. ನಾನು ತೋಳಿರುವುದರ ಕಡೆ ವಾಲಿದ್ದಕ್ಕೆ ಇದು ಮೊದಲ ಕಾರಣ.

ಎರಡನೆಯದು ತೇಲುವಿಕೆ. ಊರ ಕೆರೆಯಲ್ಲಿ ಸೊಂಟಕ್ಕೆ ಒಣ ತೆಂಗಿನಕಾಯಿ ಕಟ್ಟಿಕೊಂಡು ಈಜು ಕಲಿತವರಿಗೆ ವೆಟ್‌ಸೂಟಿನ ಗುಟ್ಟು ಬಿಡಿಸಿ ಹೇಳಬೇಕಾಗಿಲ್ಲ. ಸೂಟಿನ ರಬ್ಬರಾದ ನಿಯೋಪ್ರೀನ್ ತುಂಬ ಸಣ್ಣ ಸಣ್ಣ ಗಾಳಿಗುಳ್ಳೆಗಳಿರುತ್ತವೆ. ಅವು ಸೊಂಟವನ್ನೂ ಕಾಲನ್ನೂ ಎತ್ತಿ ಹಿಡಿಯುವುದರಿಂದ ನೀರಿನ ತಡೆ ಕಡಿಮೆಯಾಗುತ್ತದೆ. ಕಾಲು ಮುಳುಗುವವರಿಗೆ ಇದರ ಲಾಭ ಹೆಚ್ಚು. ಕಡಲಿನಲ್ಲಿ ಈಜುವ ನಮಗೆ ಇನ್ನೂ ಒಂದು ವಿಷಯ ಉಂಟು. ಉಪ್ಪುನೀರು ಸಿಹಿನೀರಿಗಿಂತ ಸುಮಾರು ಎರಡೂವರೆ ಶೇಕಡಾ ಹೆಚ್ಚು ಸಾಂದ್ರ. ತಣ್ಣೀರುಬಾವಿಯಲ್ಲಿ ಆರಾಮವಾಗಿ ಮೇಲೆ ನಿಲ್ಲುವ ಕಾಲು ಕೆರೆಯ ನೀರಿನಲ್ಲಿ ಇಳಿಯುತ್ತದೆ. ಆ ಕೊರತೆಯನ್ನು ವೆಟ್‌ಸೂಟ್ ತುಂಬಿಕೊಡುತ್ತದೆ. ಸೊಂಟ, ಕಾಲಿನ ಮಟ್ಟಿಗೆ ಎರಡು ಬಗೆಯೂ ಒಂದೇ. ವ್ಯತ್ಯಾಸ ಇರುವುದು ಕಂಕುಳಿನಲ್ಲಿ. ಸ್ಲೀವ್‌ಲೆಸ್‌ನ ತೋಳುಕಂಡಿ ಮೈಗೆ ಸರಿಯಾಗಿ ಅಂಟದಿದ್ದರೆ ಪ್ರತಿ ಸ್ಟ್ರೋಕಿಗೂ ನೀರು ಒಳಗೆ ನುಗ್ಗುತ್ತದೆ. ಎದೆಯ ಬಳಿ ನೀರು ತುಂಬಿಕೊಂಡ ಸೂಟ್ ಎಳೆದುಕೊಂಡು 3.8 ಕಿ.ಮೀ. ಈಜುವುದು ಬೇಡವೇ ಬೇಡ.

ತೋಳಿರುವುದರ ಮೇಲಿರುವ ದೊಡ್ಡ ದೂರು ಭುಜ ಬಿಗಿಯುತ್ತದೆ ಎಂಬುದು. ಮೂಲ್ಕಿಯ ಸರ್ಫಿಂಗ್ ಹುಡುಗನೊಬ್ಬ ತನ್ನ ಸೂಟ್ ತೋರಿಸಿ, ‘ಅಕ್ಕ, ಇದು ಬೋರ್ಡಿನ ಮೇಲೆ ನಿಲ್ಲುವವರಿಗೆ. ಇದನ್ನು ಹಾಕಿ ಈಜಿದ್ರೆ ನಿಮ್ಮ ಭುಜ ತಿರುಗ್ಲಿಕ್ಕಿಲ್ಲ’ ಅಂದ. ಅವನು ಹೇಳಿದ್ದು ಸರಿ, ಆದರೆ ಅದು ಸರ್ಫಿಂಗ್ ಸೂಟಿನ ಮಾತು. ಟ್ರಯಥ್ಲಾನ್ ಸೂಟಿನಲ್ಲಿ ಎದೆ, ತೊಡೆಯ ಹತ್ತಿರ 4–5 ಮಿ.ಮೀ. ಇದ್ದರೂ ಭುಜದ ಬಳಿ ಸಾಮಾನ್ಯವಾಗಿ ಎರಡೇ ಮಿ.ಮೀ. ಆಸುಪಾಸು ಇರುತ್ತದೆ, ಕೆಲವದರಲ್ಲಿ ಇನ್ನೂ ತೆಳು. ಹಾಗಿದ್ದೂ ಬಿಗಿಯುತ್ತದೆ ಅನ್ನುವವರಲ್ಲಿ ಹೆಚ್ಚಿನವರ ತೊಂದರೆ ಇರುವುದು ಭುಜದಲ್ಲಲ್ಲ, ತೊಡೆಸಂದಿನಲ್ಲಿ. ಸೂಟ್ ಅಲ್ಲಿ ಎರಡು ಬೆರಳಷ್ಟು ಕೆಳಗೆ ಜೋತರೆ ಸಾಕು, ಆ ಎಳೆತ ಪೂರ್ತಿ ಭುಜಕ್ಕೇ ಬರುತ್ತದೆ.

ನಾನು ತೊಡುವುದು ಹೀಗೆ. ಪಾದಕ್ಕೊಂದು ತೆಳು ಪ್ಲಾಸ್ಟಿಕ್ ಚೀಲ ಸುತ್ತಿ ಕಾಲು ತೂರಿಸಿದರೆ ಸಲೀಸಾಗಿ ಜಾರುತ್ತದೆ. ಆಮೇಲೆ ಕಣಕಾಲಿನಿಂದ ಮೇಲಕ್ಕೆ, ಉಗುರು ತಾಗಿಸದೆ ಬೆರಳಿನ ತುದಿಯಲ್ಲಿ ಹಿಡಿದು, ಸ್ವಲ್ಪ ಸ್ವಲ್ಪವೇ ಏರಿಸಬೇಕು. ತೊಡೆಸಂದಿಗೆ ಸರಿಯಾಗಿ ಕೂರುವ ತನಕ ತೋಳಿನ ಸುದ್ದಿಗೇ ಹೋಗಬಾರದು. ತೋಳು ಹಾಕಿದ ಮೇಲೆ ಮುಂಗೈಯಿಂದ ಬಟ್ಟೆಯನ್ನು ಭುಜದ ಕಡೆಗೆ ತಳ್ಳುತ್ತಾ ಹೋಗಬೇಕು. ಕೊನೆಗೆ ಭುಜದ ಮೇಲೆ ಒಂದು ಸಣ್ಣ ಸುಕ್ಕು ಉಳಿದರೆ ಕೆಲಸ ಸರಿಯಾಗಿದೆ ಎಂದು ಅರ್ಥ, ಕೈ ಎತ್ತಲು ಬೇಕಾದ ಸಡಿಲ ಅಲ್ಲಿರುತ್ತದೆ. ನೀರಿಗಿಳಿದು ಕುತ್ತಿಗೆಯ ಬಳಿ ಒಂದಿಷ್ಟು ನೀರು ಒಳಗೆ ಬಿಟ್ಟುಕೊಂಡರೆ ಉಳಿದದ್ದೂ ಹೊಂದಿಕೊಳ್ಳುತ್ತದೆ. ಕುತ್ತಿಗೆ ಉಜ್ಜಿ ಹುಣ್ಣಾಗದಂತೆ ನಾನು ತೆಂಗಿನೆಣ್ಣೆ ಹಚ್ಚುತ್ತೇನೆ. ಪೆಟ್ರೋಲಿಯಂ ಜೆಲ್ಲಿ ಬೇಡ, ಅದು ನಿಯೋಪ್ರೀನನ್ನು ಕೆಡಿಸುತ್ತದೆ.

ಮಂಗಳೂರಿನಲ್ಲಿ ಇದನ್ನು ಹಾಕಿ ಅಭ್ಯಾಸ ಮಾಡುವಾಗ ಎಚ್ಚರ ಬೇಕು. ಬಿಸಿ ಕಡಲಿನಲ್ಲಿ ಪೂರ್ತಿ ವೆಟ್‌ಸೂಟ್ ಹಾಕಿ ದೂರ ಹೋಗುವುದು ಅಪಾಯ. ಮೈಯ ಬಿಸಿ ಹೊರಗೆ ಹೋಗಲು ದಾರಿಯೇ ಇರುವುದಿಲ್ಲ, ತಲೆ ಸುತ್ತು ಬಂದರೆ ಹಿಡಿದುಕೊಳ್ಳಲೂ ಏನಿಲ್ಲ. ನಾನು ಅನುಮತಿ ಕೇಳಿಕೊಂಡು ಈಜುಕೊಳದಲ್ಲಿ ಬೆಳಗ್ಗಿನ ಮೊದಲ ಬ್ಯಾಚಿನಲ್ಲಿ ಅಭ್ಯಾಸ ಮಾಡಿದೆ. ಪ್ರತಿ ಸಲವೂ ಇಪ್ಪತ್ತು ನಿಮಿಷದೊಳಗೆ ಹೊರಗೆ. ಭುಜ ಒಗ್ಗುವುದಕ್ಕೆ ಅಷ್ಟು ಸಾಕು. ಮೊದಮೊದಲು ಮುಂಗೈಗೆ ನೀರು ಸಿಗುವುದೇ ಗೊತ್ತಾಗುತ್ತಿರಲಿಲ್ಲ. ತೋಳಿರುವ ಸೂಟಿನ ನಿಜವಾದ ಕೊರತೆ ಇದೊಂದೇ ಎಂದು ನನ್ನ ಲೆಕ್ಕ. ಅಂಗೈಯಲ್ಲಿ ನೀರು ಹಿಡಿಯುವುದರ ಕಡೆ ಗಮನ ಕೊಟ್ಟರೆ ಅದೂ ಅಭ್ಯಾಸವಾಗುತ್ತದೆ.

ನಾನು ಹೋದ ವರ್ಷ ವೋರ್ಥರ್‌ಸೀಯಲ್ಲಿ ವೆಟ್‌ಸೂಟಿಗೆ ಅನುಮತಿ ಸಿಕ್ಕಿತು. ನೀರಿಗೆ ಮುಖ ಇಟ್ಟಾಗ ಮೊದಲ ಕೆಲವು ಉಸಿರು ಗಿಡ್ಡವಾದವು, ತೋಳಿಗೆ ಮಾತ್ರ ಚಳಿ ತಾಗಲೇ ಇಲ್ಲ. ಕಾಲುವೆಗೆ ತಿರುಗುವ ಹೊತ್ತಿಗೂ ಭುಜದಲ್ಲಿ ಕಸುವು ಇತ್ತು. ಆ ಇಕ್ಕಟ್ಟಿನಲ್ಲಿ ಅಕ್ಕಪಕ್ಕದವರ ಕೈಕಾಲು ತಾಗುತ್ತಲೇ ಇರುತ್ತದೆ, ನಿಯೋಪ್ರೀನ್ ಇದ್ದರೆ ತರಚುವುದಿಲ್ಲ. ಕಳಚುವುದರಲ್ಲಿ ಸ್ಲೀವ್‌ಲೆಸ್ ಬೇಗ, ಅದನ್ನು ಒಪ್ಪುತ್ತೇನೆ. ನೀರಿನಿಂದ ಎದ್ದು ಓಡುವಾಗಲೇ, ಸೂಟ್ ಇನ್ನೂ ಒದ್ದೆ ಇರುವಾಗಲೇ, ಜಿಪ್ ಎಳೆದು ಎರಡೂ ತೋಳು ಬಿಡಿಸಿಕೊಂಡರೆ ಕಳೆದುಕೊಳ್ಳುವುದು ಕೆಲವೇ ಸೆಕೆಂಡು. ವಾಚ್ ಮಾತ್ರ ತೋಳಿನ ಒಳಗಿರಲಿ, ಹೊರಗಿದ್ದರೆ ಮಣಿಕಟ್ಟಿನಲ್ಲಿ ಸಿಕ್ಕಿಕೊಳ್ಳುತ್ತದೆ.

ಭುಜದ ಹಳೆಯ ನೋವಿರುವವರಿಗೆ, ಯಾವ ಅಳತೆಯ ತೋಳೂ ಹೊಂದದಷ್ಟು ಅಗಲ ಭುಜದವರಿಗೆ ನಾನೂ ಸ್ಲೀವ್‌ಲೆಸ್ಸನ್ನೇ ಹೇಳುತ್ತೇನೆ. ಬೆಲೆಯೂ ಕಡಿಮೆ. ಆದರೆ ಕಂಕುಳಿನ ಅಂಚು ಮೈಗೆ ಅಂಟಿ ಕೂರುತ್ತದೆಯೇ ಎಂದು ನೀರಿನಲ್ಲಿ ನೋಡಿಯೇ ಒಪ್ಪಿಕೊಳ್ಳಿ. ಯಾವುದನ್ನು ತಂದರೂ ಊರಿಗೆ ಬಂದ ಮೇಲೆ ಸಿಹಿನೀರಿನಲ್ಲಿ ತೊಳೆದು, ಒಳಮಗ್ಗುಲು ಹೊರಗೆ ಮಾಡಿ ನೆರಳಿನಲ್ಲಿ ಒಣಗಿಸಿ. ನಮ್ಮ ಆಟಿ ತಿಂಗಳ ಮಳೆಗೆ ಕಪಾಟಿನಲ್ಲಿಟ್ಟರೆ ಬೂಸ್ಟು ಹಿಡಿಯುತ್ತದೆ. ನಾನು ಫ್ಯಾನಿನ ಗಾಳಿ ತಾಗುವಲ್ಲಿ, ದಪ್ಪ ಹ್ಯಾಂಗರಿನ ಮೇಲೆ ಮಧ್ಯಕ್ಕೆ ಮಡಚಿ ಹಾಕಿಡುತ್ತೇನೆ.