‘ಓಸಿ’ ಗ್ರಾಫಿಕ್ಸ್ ಕಾರ್ಡನ್ನು ತುಮಕೂರಿನ ಬೇಸಿಗೆಯಲ್ಲಿ ಪರೀಕ್ಷಿಸುವ ಬಗೆ

ಗ್ರಾಫಿಕ್ಸ್ ಕಾರ್ಡಿನ ಪೆಟ್ಟಿಗೆಯ ಮೇಲೆ ‘ಓಸಿ’ (ಓವರ್‌ಕ್ಲಾಕ್) ಎಂದು ಅಚ್ಚಾಗಿದ್ದರೆ, ಚಿಪ್ ಕಂಪನಿ ಗೊತ್ತುಪಡಿಸಿದ ವೇಗಕ್ಕಿಂತ ಸ್ವಲ್ಪ ಹೆಚ್ಚಿನ ವೇಗವನ್ನು ಕಾರ್ಡ್ ತಯಾರಕರು ಕಾರ್ಖಾನೆಯಲ್ಲಿಯೇ ಹೊಂದಿಸಿ ಕಳುಹಿಸಿದ್ದಾರೆ ಎಂದರ್ಥ. ಆ ‘ಸ್ವಲ್ಪ’ ಎಷ್ಟೆಂಬುದನ್ನು ಹಣ ಕೊಡುವ ಮೊದಲೇ ಲೆಕ್ಕ ಹಾಕಬೇಕು. ಎನ್‌ವಿಡಿಯಾದ ಆರ್‌ಟಿಎಕ್ಸ್ 4060 ಚಿಪ್ಪಿಗೆ ಗೊತ್ತುಪಡಿಸಿದ ಬೂಸ್ಟ್ ವೇಗ, ಅಂದರೆ ಭಾರದ ಕೆಲಸದಲ್ಲಿ ಅದು ಏರಬೇಕಾದ ವೇಗ, 2460 ಮೆಗಾಹರ್ಟ್ಸ್. ಅದೇ ಚಿಪ್ಪಿನ ಓಸಿ ಮಾದರಿಯ ವಿವರಪಟ್ಟಿಯಲ್ಲಿ 2505 ಎಂದಿದ್ದರೆ ಹೆಚ್ಚಳ 45 ಮೆಗಾಹರ್ಟ್ಸ್, ಅಂದರೆ ಶೇಕಡ 2ಕ್ಕೂ ಕಡಿಮೆ. ಸೆಕೆಂಡಿಗೆ 60 ಫ್ರೇಮ್ (ಪರದೆಯ ಮೇಲೆ ಮೂಡುವ ಚಿತ್ರ) ಬರುವ ಆಟದಲ್ಲಿ ಇದರಿಂದ ಹೆಚ್ಚೆಂದರೆ ಒಂದು ಫ್ರೇಮ್ ಸಿಕ್ಕೀತು. ಇಂತಹ ಮಾದರಿಗಳಲ್ಲಿ ಮೆಮೊರಿಯ ವೇಗವನ್ನು ಸಾಮಾನ್ಯವಾಗಿ ಹೆಚ್ಚಿಸಿರುವುದಿಲ್ಲವಾದ್ದರಿಂದ ಅದೂ ಸಿಗದೆ ಹೋಗಬಹುದು. ಕೆಲವು ಪಟ್ಟಿಗಳಲ್ಲಿ ಎರಡು ಸಂಖ್ಯೆಗಳಿರುತ್ತವೆ. ದೊಡ್ಡದು ತಯಾರಕರ ತಂತ್ರಾಂಶವನ್ನು ಹಾಕಿಕೊಂಡು ‘ಓಸಿ ಮೋಡ್’ ಆರಿಸಿದಾಗ ಮಾತ್ರ ದೊರೆಯುವಂಥದ್ದು, ಆದ್ದರಿಂದ ಹೋಲಿಕೆಗೆ ಚಿಕ್ಕದನ್ನೇ ತೆಗೆದುಕೊಳ್ಳಬೇಕು.

ಹಾಗೆ ನೋಡಿದರೆ, ಅಚ್ಚಾದ ವೇಗವು ಕಾರ್ಡಿನ ಗರಿಷ್ಠ ಮಿತಿಯೂ ಅಲ್ಲ. 2012ರಲ್ಲಿ ಜಿಟಿಎಕ್ಸ್ 680ರೊಂದಿಗೆ ಬಂದ ‘ಜಿಪಿಯು ಬೂಸ್ಟ್’ (ಜಿಪಿಯು ಎಂದರೆ ಕಾರ್ಡಿನ ಮುಖ್ಯ ಚಿಪ್ಪು) ವ್ಯವಸ್ಥೆಯಿಂದಾಗಿ, ಶಾಖ, ವಿದ್ಯುತ್ ಬಳಕೆ ಮತ್ತು ವೋಲ್ಟೇಜ್ ಮಿತಿಯೊಳಗಿರುವಷ್ಟು ಕಾಲ ಎನ್‌ವಿಡಿಯಾ ಕಾರ್ಡು ತಾನಾಗಿಯೇ ಆ ವೇಗವನ್ನು ಮೀರಿ ಓಡುತ್ತದೆ. ಓಸಿ ಎಂಬ ಅಕ್ಷರಗಳಿಲ್ಲದ ಕಾರ್ಡಿಗೂ ಈ ಸೌಲಭ್ಯ ಇದೆ. ಆದುದರಿಂದ ನಾವು ನಿಜವಾಗಿ ಬೆಲೆ ಕಟ್ಟಬೇಕಾದದ್ದು ಚಿಪ್ಪಿನ ಬಿಸಿಯನ್ನು ಹೀರಿ ಹೊರಹಾಕುವ ಲೋಹದ ಹೀಟ್‌ಸಿಂಕಿನ ಗಾತ್ರಕ್ಕೆ, ಫ್ಯಾನುಗಳ ಗುಣಕ್ಕೆ ಮತ್ತು ತಯಾರಕರು ಬಿಟ್ಟುಕೊಟ್ಟಿರುವ ವಿದ್ಯುತ್ ಮಿತಿಗೆ. ಈ ಕೊನೆಯದನ್ನು ಜಿಪಿಯು-ಝಡ್ ತಂತ್ರಾಂಶದ ‘ಅಡ್ವಾನ್ಸ್ಡ್’ ಪುಟದಲ್ಲಿ ನೋಡಬಹುದು.

ನಮ್ಮ ಕಡೆ ಇದಕ್ಕೆ ಇನ್ನೊಂದು ಕಾರಣವೂ ಸೇರುತ್ತದೆ. ವಿಮರ್ಶಕರು ಕಾರ್ಡುಗಳನ್ನು ಬಹುತೇಕ 20ರಿಂದ 25 ಡಿಗ್ರಿ ಸೆಲ್ಸಿಯಸ್‌ನ ಕೋಣೆಯಲ್ಲಿ ಪರೀಕ್ಷಿಸುತ್ತಾರೆ. ಏಪ್ರಿಲ್ ಮಧ್ಯಾಹ್ನ ತುಮಕೂರಿನ ತಾರಸಿ ಮನೆಯ ಮೇಲಂತಸ್ತಿನ ಕೋಣೆ 34 ಡಿಗ್ರಿ ಇದ್ದರೆ ಅದೇನೂ ಅಚ್ಚರಿಯಲ್ಲ. ಕೋಣೆಯ ಶಾಖ ಎಷ್ಟು ಏರುತ್ತದೆಯೋ ಕಾರ್ಡಿನ ಶಾಖವೂ ಹೆಚ್ಚುಕಡಿಮೆ ಅಷ್ಟೇ ಏರುತ್ತದೆ. ವಿಮರ್ಶೆಯಲ್ಲಿ 68 ಡಿಗ್ರಿ ಎಂದಿದ್ದುದನ್ನು ಇಲ್ಲಿ 78 ಅಥವಾ 80 ಎಂದು ಓದಿಕೊಳ್ಳುವುದು ಕ್ಷೇಮ. ಅನೇಕ ಎನ್‌ವಿಡಿಯಾ ಕಾರ್ಡುಗಳ ಶಾಖದ ಗುರಿ, ಅಂದರೆ ಕಾರ್ಡು ಮೀರದಿರಲು ನೋಡುವ ಬಿಸಿ, ಸುಮಾರು 83 ಡಿಗ್ರಿ. ಆದರೆ ಅಲ್ಲಿಗೆ ತಲುಪುವ ಮೊದಲೇ, ಬಿಸಿಯೇರಿದಂತೆಲ್ಲ, ವೇಗವು ಸುಮಾರು 15 ಮೆಗಾಹರ್ಟ್ಸ್‌ನ ಹಂತಗಳಲ್ಲಿ ಇಳಿಯುತ್ತಾ ಬರುತ್ತದೆ. ಮೇಲಿನ ಉದಾಹರಣೆಯ 45 ಮೆಗಾಹರ್ಟ್ಸ್ ಎಂದರೆ ಇಂತಹ ಮೂರೇ ಹಂತ. ಚಿಕ್ಕ ಹೀಟ್‌ಸಿಂಕಿನ ಓಸಿ ಕಾರ್ಡು ಕೊಂಡವರು ದುಡ್ಡು ಕೊಟ್ಟು ಪಡೆದ ವೇಗವನ್ನು ಬೇಸಿಗೆಗೆ ಒಪ್ಪಿಸಿಬಿಟ್ಟಿರುತ್ತಾರೆ.

ಪರೀಕ್ಷೆಯನ್ನು ಕಾರ್ಡು ಮನೆಗೆ ಬಂದ ಮೊದಲ ದಿನಗಳಲ್ಲಿಯೇ ಮುಗಿಸಬೇಕು. ಬೆಂಗಳೂರಿನ ಎಸ್.ಪಿ. ರೋಡಿನಿಂದ ತರುವವರು, ಸುಮಾರು 70 ಕಿಲೋಮೀಟರ್ ಮತ್ತೆ ಹೋಗಿ ವಾದ ಮಾಡುವ ಬದಲು, ಎಷ್ಟು ದಿನದೊಳಗೆ ಬದಲಿಸಿಕೊಡುತ್ತಾರೆ ಎಂಬುದನ್ನು ಬಿಲ್ಲಿನ ಮೇಲೆಯೇ ಬರೆಸಿಕೊಳ್ಳುವುದು ಮೇಲು. ಆನ್‌ಲೈನಿನಲ್ಲಿ ತರಿಸಿದವರು ಪೆಟ್ಟಿಗೆ ಬಿಚ್ಚುವುದನ್ನು ವೀಡಿಯೊ ಮಾಡಿಟ್ಟುಕೊಳ್ಳಲಿ.

ಮಧ್ಯಾಹ್ನ ಎರಡರಿಂದ ನಾಲ್ಕರ ನಡುವೆ, ಕ್ಯಾಬಿನೆಟ್ಟಿನ ಬಾಗಿಲು ಮುಚ್ಚಿ, ಅದನ್ನು ದಿನನಿತ್ಯ ಇಡುವ ಜಾಗದಲ್ಲಿಯೇ ಇಟ್ಟು ಪರೀಕ್ಷೆ ಆರಂಭಿಸಬೇಕು. ವಿ-ಸಿಂಕ್ (ಫ್ರೇಮ್ ದರವನ್ನು ಪರದೆಯ ದರಕ್ಕೆ ಕಟ್ಟಿಹಾಕುವ ಆಯ್ಕೆ) ಮತ್ತು ಫ್ರೇಮ್ ಮಿತಿಯನ್ನು ತೆಗೆದು, ನೀವು ನಿಜವಾಗಿ ಆಡುವ ಭಾರದ ಆಟವೊಂದನ್ನು ಅರ್ಧ ಗಂಟೆ ಓಡಿಸಿ, ಮೊದಲ ಹತ್ತು ನಿಮಿಷಗಳ ಅಂಕಿಗಳನ್ನು ಬಿಟ್ಟುಬಿಡಿ, ಏಕೆಂದರೆ ತಣ್ಣಗಿರುವ ಕಾರ್ಡು ಯಾವಾಗಲೂ ಚುರುಕಾಗಿಯೇ ಕಾಣುತ್ತದೆ. ಜಿಪಿಯು ಬಳಕೆ ಶೇಕಡ 95ಕ್ಕಿಂತ ಕೆಳಗಿದ್ದರೆ ಅಡ್ಡಿ ಬಹುಶಃ ಪ್ರೊಸೆಸರಿನದು. ಅಂತಹ ಆಟದಿಂದ ಕಾರ್ಡನ್ನು ಅಳೆಯಲಾಗದು. ವೇಗ ಏರದಂತೆ ತಡೆಯುತ್ತಿರುವ ಕಾರಣವನ್ನು ತೋರಿಸುವ, ಜಿಪಿಯು-ಝಡ್‌ನ ‘ಪರ್ಫ್‌ಕ್ಯಾಪ್ ರೀಸನ್’ ಸಾಲನ್ನು ಗಮನಿಸಿ: ಅಲ್ಲಿ ಶಾಖದ ಸೂಚನೆ ಬರುತ್ತಿದ್ದರೆ ತಂಪಿನ ವ್ಯವಸ್ಥೆ ಸಾಲದು, ವಿದ್ಯುತ್ತಿನ ಸೂಚನೆ ಬರುತ್ತಿದ್ದರೆ ಕಾರ್ಡು ವ್ಯಾಟ್ ಮಿತಿಯನ್ನು ಮುಟ್ಟಿದೆ.

ಆ ಬಳಿಕ ಓಸಿಯನ್ನೇ ಪ್ರತ್ಯೇಕಿಸಿ ಅಳೆಯಬೇಕು. ಕಾರ್ಡಿನ ವೇಗವನ್ನು ಹೊಂದಿಸುವ ಎಂಎಸ್‌ಐ ಆಫ್ಟರ್‌ಬರ್ನರ್ ತಂತ್ರಾಂಶದಲ್ಲಿ ಕೋರ್ (ಚಿಪ್ಪಿನ) ವೇಗವನ್ನು ಓಸಿಯ ಹೆಚ್ಚಳದಷ್ಟು, ನಮ್ಮ ಉದಾಹರಣೆಯಲ್ಲಿ 45 ಮೆಗಾಹರ್ಟ್ಸ್, ತಗ್ಗಿಸಿದರೆ ನಿಮ್ಮ ಕಾರ್ಡು ಸಾಧಾರಣ ಮಾದರಿಯಂತೆ ವರ್ತಿಸುತ್ತದೆ. ಎರಡೂ ಸ್ಥಿತಿಗಳಲ್ಲಿ ಆಟದ ಒಂದೇ ದೃಶ್ಯವನ್ನು ಮೂರು ಮೂರು ಸಲ ಓಡಿಸಿ, ಸರಾಸರಿ ಫ್ರೇಮ್ ದರವನ್ನೂ ಅತಿ ನಿಧಾನದ ಶೇಕಡ 1ರಷ್ಟು ಫ್ರೇಮ್‌ಗಳ ದರವನ್ನೂ ಬರೆದುಕೊಳ್ಳಿ. ಒಂದೇ ಸ್ಥಿತಿಯ ಮೂರು ಓಟಗಳ ನಡುವಿನ ಏರಿಳಿತವೇ ಎರಡು ಸ್ಥಿತಿಗಳ ನಡುವಿನ ಅಂತರಕ್ಕಿಂತ ದೊಡ್ಡದಾಗಿದ್ದರೆ, ಆ ಓಸಿಯಿಂದ ನಿಮಗೆ ಗೊತ್ತಾಗುವಂಥ ಲಾಭವಿಲ್ಲ. ಶೇಕಡ 2ರ ವ್ಯತ್ಯಾಸಕ್ಕೆ ಹೆಚ್ಚಾಗಿ ಇದೇ ಗತಿ.

ಬೆಲೆಯ ವಿಷಯದಲ್ಲಿ ನನ್ನ ಅಭಿಪ್ರಾಯ ನೇರವಾಗಿದೆ. ಸಾಧಾರಣ ಮಾದರಿ 28,000 ರೂಪಾಯಿ, ಓಸಿ ಮಾದರಿ 30,500 ಎಂದಿಟ್ಟುಕೊಂಡರೆ ಕೊಡುವುದು ಸುಮಾರು ಶೇಕಡ 9 ಹೆಚ್ಚು. ಅದರಲ್ಲಿ ದೊಡ್ಡ ಹೀಟ್‌ಸಿಂಕ್ ಮತ್ತು ಸದ್ದಿಲ್ಲದ ಫ್ಯಾನು ಬರುತ್ತಿದ್ದರೆ ಯೋಚಿಸಬಹುದು. ಎರಡೂ ಕಾರ್ಡುಗಳ ಹೀಟ್‌ಸಿಂಕ್ ಒಂದೇ ಆಗಿದ್ದು ಸ್ಟಿಕರ್ ಮಾತ್ರ ಬೇರೆಯಾಗಿದ್ದರೆ, ಆ ಹಣದಲ್ಲಿ ಕ್ಯಾಬಿನೆಟ್ಟಿಗೆ ಎರಡು ಒಳ್ಳೆಯ ಫ್ಯಾನು ಹಾಕಿಸುವುದೇ ಜಾಣತನ.

ಕೊನೆಗೆ ಸ್ಥಿರತೆ. ಆಟ ಹಠಾತ್ತನೆ ಮುಚ್ಚಿಕೊಂಡರೆ, ಪರದೆಯಲ್ಲಿ ಬಣ್ಣದ ಚುಕ್ಕೆಗಳು ಮೂಡಿದರೆ, ದೋಷಗಳ ದಾಖಲೆ ತೋರಿಸುವ ವಿಂಡೋಸ್‌ನ ಈವೆಂಟ್ ವ್ಯೂವರ್‌ನಲ್ಲಿ 4101 ಸಂಖ್ಯೆಯ ಡಿಸ್‌ಪ್ಲೇ ದೋಷ ದಾಖಲಾಗಿದ್ದರೆ, ಮೊದಲು ಡ್ರೈವರನ್ನು ಹೊಸದಾಗಿ ಹಾಕಿ, ವಿದ್ಯುತ್ ಕೇಬಲ್ ಬಿಗಿಯಾಗಿದೆಯೇ ನೋಡಿ. ಅನಂತರವೂ ದೋಷ ಉಳಿದು, 45 ಮೆಗಾಹರ್ಟ್ಸ್ ತಗ್ಗಿಸಿದಾಗ ಮಾತ್ರ ಮಾಯವಾದರೆ, ಕಾರ್ಖಾನೆಯ ಓಸಿಯನ್ನೇ ಆ ಚಿಪ್ಪು ತಾಳುತ್ತಿಲ್ಲ ಎಂದು ತಿಳಿಯಬಹುದು. ವೇಗ ತಗ್ಗಿಸಿಕೊಂಡು ಹೊಂದಿಕೊಂಡು ಹೋಗುವ ಅಗತ್ಯವಿಲ್ಲ. ದೋಷದ ದಾಖಲೆ, ವೀಡಿಯೊ ಮತ್ತು ಜಿಎಸ್‌ಟಿ ಬಿಲ್ಲಿನೊಂದಿಗೆ ಬದಲಿಸಿಕೊಡುವ ಗಡುವು ಮುಗಿಯುವ ಮೊದಲೇ ಕಾರ್ಡನ್ನು ಹಿಂದಿರುಗಿಸಿ.