ಹಳೇ ಇಂಗ್ಲಿಷ್ ಫಾರ್ಮ್‌ಹೌಸ್‌ಗೆ ಸುಣ್ಣದ ಗಾರೆ ಹಾಕಿದ್ದು: ನನ್ನ ಅನುಭವ

ಇಂಗ್ಲೆಂಡಿನ ಸಫೋಕ್‌ನಲ್ಲಿ ಹಳೇ ಫಾರ್ಮ್‌ಹೌಸ್ ರಿಪೇರಿಗೆ ಕರೆದರೆ ನಾನು ಮೊದಲು ನೋಡುವುದು ಚಿಮಣಿಯನ್ನು. ಮನೆಯ ವಯಸ್ಸು ತಿಳಿಯಲು ಮುಂದಿನ ಗೋಡೆಯನ್ನು ನಂಬುವ ಹಾಗಿಲ್ಲ. ಮರದ ಚೌಕಟ್ಟಿನ ಹಳೇ ಮನೆಗೆ ಇಟ್ಟಿಗೆಯ ಹೊಸ ಮುಖ ಕಟ್ಟಿಸುವುದು 18ನೇ ಶತಮಾನದಲ್ಲಿ ಅನುಕೂಲಸ್ಥ ರೈತರಿಗೆ ಶೋಕಿಯಾಗಿತ್ತು.

ಈ ಮನೆಯೂ ಅಂಥದ್ದೇ. ಮುಂದೆ ಅಚ್ಚುಕಟ್ಟಾದ ಫ್ಲೆಮಿಶ್ ಬಾಂಡ್. ಅಂದರೆ ಒಂದೇ ಸಾಲಿನಲ್ಲಿ ಒಂದು ಇಟ್ಟಿಗೆ ಉದ್ದಕ್ಕೆ, ಮುಂದಿನದು ಅಡ್ಡಕ್ಕೆ. ಬಾಗಿಲು ತೆಗೆದರೆ ಮಾತ್ರ ಎದುರಿಗೇ ದಪ್ಪ ಚಿಮಣಿ, ಅದರ ಎಡಬಲಕ್ಕೆ ಕೋಣೆಗಳು. 17ನೇ ಶತಮಾನದಲ್ಲಿ ಆ ಕಡೆ ಹೀಗೇ ಕಟ್ಟುತ್ತಿದ್ದರು. ಚಿಮಣಿಯ ಇಟ್ಟಿಗೆ ತೆಳು, ಹಿಂದಿನ ಕೊಟ್ಟಿಗೆಯದು ದಪ್ಪ. ಅದಕ್ಕೂ ಕಾರಣವಿದೆ. 1784ರಲ್ಲಿ ಸಾವಿರ ಇಟ್ಟಿಗೆಗೆ ಎರಡೂವರೆ ಶಿಲಿಂಗ್ ತೆರಿಗೆ ಬಂತು. ತೆರಿಗೆ ಎಣಿಕೆಗೆ ತಾನೇ? ಹಲವರು ಇಟ್ಟಿಗೆಯನ್ನೇ ದೊಡ್ಡದು ಮಾಡಿದರು! 1803ರಲ್ಲಿ ದೊಡ್ಡ ಇಟ್ಟಿಗೆಗೆ ಇನ್ನೂ ಜಾಸ್ತಿ ತೆರಿಗೆ ಬಿತ್ತು. 1850ರಲ್ಲಿ ತೆರಿಗೆಯೇ ಹೋಯಿತು.

ತೊಂದರೆ ಇದ್ದದ್ದು ಇಟ್ಟಿಗೆಗಳ ನಡುವಿನ ಸಂದುಗಳಲ್ಲಿ. ಹಿಂದೆ ಯಾರೋ ಸಿಮೆಂಟ್ ತುಂಬಿದ್ದರು. ಹಳೇ ಇಟ್ಟಿಗೆ ಮೆತ್ತಗೆ, ನೀರು ಕುಡಿಯುತ್ತದೆ. ಸಂದು ಸುಣ್ಣದ್ದಾದರೆ ಆ ನೀರು ಅಲ್ಲಿಂದಲೇ ಆರಿ ಹೋಗುತ್ತದೆ. ಸಿಮೆಂಟ್ ಬಿಡುವುದಿಲ್ಲ. ನೀರು ಇಟ್ಟಿಗೆಯಲ್ಲೇ ನಿಂತು ಚಳಿಗಾಲದಲ್ಲಿ ಹೆಪ್ಪುಗಟ್ಟಿ, ಮೇಲಿನ ಪದರ ಹಪ್ಪಳದ ಹಾಗೆ ಎದ್ದು ಬರುತ್ತದೆ. ಕಿಟಕಿ ಕೆಳಗೆ ಕೈಯಾಡಿಸಿದರೆ ಅಂಗೈ ತುಂಬಾ ಕೆಂಪು ಪುಡಿ.

ಮನೆ ಗ್ರೇಡ್ 2 ಪಟ್ಟಿಯಲ್ಲಿತ್ತು, ಅಂದರೆ ಕಾನೂನಿನ ರಕ್ಷಣೆ ಇರುವ ಹಳೇ ಕಟ್ಟಡ. ಹಾಗಾಗಿ ಮೊದಲು ಕೌನ್ಸಿಲ್ ಅಧಿಕಾರಿಗೆ ಗೋಡೆಯ ಮೂಲೆಯಲ್ಲಿ ಸ್ವಲ್ಪ ಮಾದರಿ ಮಾಡಿ ತೋರಿಸಿ ಒಪ್ಪಿಗೆ ಪಡೆದೆವು. ಆಮೇಲೆ ಉಳಿ, ಸುತ್ತಿಗೆ ಹಿಡಿದು ಸಿಮೆಂಟ್ ಬಿಡಿಸಿದೆವು. ಗ್ರೈಂಡರ್ ಮುಟ್ಟಲಿಲ್ಲ, ಇಟ್ಟಿಗೆಯ ಅಂಚು ಹೋದರೆ ಹೋಯಿತು ಅಲ್ವಾ. ಸಂದಿನ ಅಗಲದ ಎರಡರಷ್ಟು ಆಳ ತೆಗೆದು, ಧೂಳು ಗುಡಿಸಿ, ನೀರು ಚಿಮುಕಿಸಿ, ಗಾರೆಯನ್ನು ಒತ್ತಿ ಒತ್ತಿ ತುಂಬಿದೆವು. ಅರ್ಧ ಗಟ್ಟಿಯಾದಾಗ ಬಿರುಸು ಬ್ರಶ್‌ನಿಂದ ತಟ್ಟಿದರೆ ಮರಳಿನ ಕಾಳು ಮೇಲೆ ಕಾಣುತ್ತದೆ. ಕೊನೆಗೆ ಒದ್ದೆ ಗೋಣಿತಾಟು ಇಳಿಬಿಟ್ಟೆವು. ಸುಣ್ಣಕ್ಕೆ ಬೇಗ ಒಣಗುವುದೂ ಆಗದು, ಹಿಮವೂ ಆಗದು. ಅದಕ್ಕೇ ಬೇಸಿಗೆಯಲ್ಲೇ ಕೆಲಸ ಹಿಡಿದಿದ್ದೆವು.

ಉತ್ತರದ ಗೋಡೆಯಲ್ಲಿ ಮಾತ್ರ ಸಿಮೆಂಟ್ ಜೊತೆ ಇಟ್ಟಿಗೆಯೂ ಕಿತ್ತು ಬರತೊಡಗಿತು. ಅಲ್ಲಿ ಸಡಿಲವಾದದ್ದನ್ನಷ್ಟೇ ತೆಗೆದು, ಮಿಕ್ಕಿದ್ದನ್ನು ಸುಮ್ನೆ ಹಾಗೇ ಬಿಟ್ಟೆವು.