ಸೈಟೇಶನ್ ಎಣಿಸಿದ್ದು ಸಾಕು ಅಂತ ಓದಲು ಕೂತೆ

ಬಡ್ತಿಯ ಅರ್ಜಿಯಲ್ಲಿ ಮುಖ್ಯವಾಗಿ ಮೂರು ಖಾನೆ ಇರುತ್ತವೆ. ಪೇಪರ್ ಎಷ್ಟು, ಸೈಟೇಶನ್ (ಬೇರೆ ಲೇಖನಗಳಲ್ಲಿ ನಮ್ಮ ಪೇಪರ್ ಉಲ್ಲೇಖವಾದದ್ದು) ಎಷ್ಟು, ಇವೆರಡನ್ನೂ ಸೇರಿಸಿ ಅಳೆಯುವ ಎಚ್-ಇಂಡೆಕ್ಸ್ ಎಷ್ಟು. ಅಂಕಿ ತುಂಬಿದರೆ ಮುಗಿಯಿತು. ಈ ಸಲ ಅದರ ಜೊತೆಗೆ, ನಿಮ್ಮ ಕೆಲಸ ಯಾರಿಗೆ ಹೇಗೆ ಉಪಯೋಗವಾಯಿತು ಅಂತ ಒಂದು ಪುಟ ಬರೆಯಿರಿ ಎಂದೂ ಕೇಳಿದ್ದರು. ನಾನು ಗಮನ ಮತ್ತು ಅಲ್ಪಾವಧಿ ನೆನಪಿನ ಮೇಲೆ ಇಇಜಿ (ಮಿದುಳಿನ ವಿದ್ಯುತ್ ಅಳೆಯುವುದು), ಎಫ್‌ಎಂಆರ್‌ಐ (ಮಿದುಳಿನ ಚಟುವಟಿಕೆಯ ಸ್ಕ್ಯಾನ್) ಪ್ರಯೋಗ ಮಾಡುವವಳು. ಆ ಒಂದು ಪುಟ ಬರೆಯಲು ನನ್ನ ಪಟ್ಟಿಯನ್ನೇ ಪ್ರಯೋಗದ ಡೇಟಾ ಥರ ನೋಡಬೇಕಾಯಿತು.

ಮೊದಲು ಗುಡಿಸಿ ಒರೆಸುವ ಕೆಲಸ. ಗೂಗಲ್ ಸ್ಕಾಲರ್ ಪ್ರೊಫೈಲ್‌ನಲ್ಲಿ ನನ್ನದೇ ಹೆಸರಿನ ಬೇರೊಬ್ಬರ ಮಣ್ಣಿನ ಬಗೆಗಿನ ಪೇಪರ್‌ಗಳು ಸೇರಿಕೊಂಡಿದ್ದವು, ತೆಗೆದೆ. ಪ್ರಿಪ್ರಿಂಟ್ (ಜರ್ನಲ್‌ಗೆ ಮೊದಲೇ ಹಂಚಿದ ಕರಡು) ಒಂದು ಕಡೆ, ಜರ್ನಲ್ ಪ್ರತಿ ಇನ್ನೊಂದು ಕಡೆ ಇದ್ದವನ್ನು ಒಂದುಗೂಡಿಸಿದೆ. ಹೊಸ ಲೇಖನಗಳು ತಾವಾಗಿಯೇ ಸೇರದಂತೆ ಸೆಟ್ಟಿಂಗ್ ಬದಲಿಸಿದೆ. ಸಂಶೋಧಕರನ್ನು ಗುರುತಿಸಲು ಕೊಡುವ ಆರ್ಕಿಡ್‌ನ (ORCID) 16 ಅಂಕಿಯ ಗುರುತನ್ನು ಎಲ್ಲ ಕಡೆ ಜೋಡಿಸಿದೆ. ಬೇಜಾರಿನ ಕೆಲಸ, ಆದರೆ ಇದಾಗದೆ ಮುಂದಿನ ಯಾವ ಲೆಕ್ಕಕ್ಕೂ ಅರ್ಥವಿಲ್ಲ.

ಸೈಟೇಶನ್ ಎಣಿಸುವ ತಾಣಗಳಾದ ಸ್ಕಾಲರ್, ಸ್ಕೋಪಸ್, ವೆಬ್ ಆಫ್ ಸೈನ್ಸ್ ಮೂರೂ ನನಗೆ ಮೂರು ಬೇರೆ ಎಚ್-ಇಂಡೆಕ್ಸ್ ಕೊಟ್ಟವು. ಸ್ಕಾಲರ್‌ನದೇ ದೊಡ್ಡದು. ಅದು ಥೀಸಿಸ್, ಪ್ರಿಪ್ರಿಂಟ್ ಎಲ್ಲದರಿಂದಲೂ ಎಣಿಸುತ್ತದೆ. ಉಳಿದೆರಡು ತಾವು ಆರಿಸಿಕೊಂಡ ಪ್ರಕಟಣೆಗಳನ್ನು ಮಾತ್ರ ನೋಡುತ್ತವೆ. ಹಾಗಾಗಿ ಅರ್ಜಿಯಲ್ಲಿ ಅಂಕಿಯ ಪಕ್ಕ ಎಲ್ಲಿ, ಯಾವ ದಿನ ನೋಡಿದ್ದು ಅಂತ ಬರೆದೆ. ಸ್ಕೋಪಸ್‌ನಲ್ಲಿ ಸ್ವಂತ ಸೈಟೇಶನ್ ಬಿಟ್ಟು ನೋಡುವ ಅವಕಾಶವಿದೆ. ಆ ಲೆಕ್ಕವನ್ನೂ ಕೊಟ್ಟೆ. ಯಾರಾದರೂ ಕೇಳುವ ಮೊದಲೇ ಕೊಡುವುದು ಒಳ್ಳೆಯದು, ಅಲ್ವಾ?

ಎಚ್-ಇಂಡೆಕ್ಸನ್ನು 2005ರಲ್ಲಿ ಮುಂದಿಟ್ಟವರು ಹೋರ್ಹೆ ಹಿರ್ಶ್ ಎಂಬ ಭೌತವಿಜ್ಞಾನಿ. ತಲಾ 20 ಸಲವಾದರೂ ಉಲ್ಲೇಖವಾದ 20 ಪೇಪರ್ ಇದ್ದರೆ ಎಚ್ 20. ಲೆಕ್ಕ ಸರಳ. ಆದರೆ ಒಂದು ಪೇಪರ್‌ಗೆ 2,000 ಸೈಟೇಶನ್ ಇದ್ದರೂ 21 ಇದ್ದರೂ ಇಲ್ಲಿ ಒಂದೇ. ನಮ್ಮ ಕ್ಷೇತ್ರದಲ್ಲಿ ಪ್ರಯೋಗ ನಡೆಸಿದವರ ಹೆಸರು ಸಾಮಾನ್ಯವಾಗಿ ಮೊದಲು, ಲ್ಯಾಬ್ ಮುಖ್ಯಸ್ಥರದು ಕೊನೆಗೆ. ಹತ್ತಾರು ಹೆಸರುಗಳ ನಡುವೆ ನನ್ನದೂ ಇರುವ ಪೇಪರ್ ಕೂಡ ಈ ಲೆಕ್ಕದಲ್ಲಿ ಪೂರ್ತಿ ನನ್ನದೇ! ಅದಕ್ಕೇ ಪ್ರತಿ ಮುಖ್ಯ ಪೇಪರ್‌ನ ಕೆಳಗೆ ನಾನು ಮಾಡಿದ್ದೇನು ಅಂತ ಒಂದು ಸಾಲು ಸೇರಿಸಿದೆ.

ಆಮೇಲೆ ನಿಜವಾದ ಕೆಲಸ. ಹೆಚ್ಚು ಉಲ್ಲೇಖವಾದ ಪೇಪರ್‌ಗಳನ್ನು ತೆಗೆದುಕೊಂಡು, ಅವನ್ನು ಉಲ್ಲೇಖಿಸಿದವರ ಲೇಖನ ತೆರೆದು, ನನ್ನ ಹೆಸರಿರುವ ವಾಕ್ಯವನ್ನೇ ಶೀಟಿಗೆ ಹಾಕುತ್ತಾ ಹೋದೆ. ಪಕ್ಕದಲ್ಲಿ ಒಂದು ಗುರುತು: ಸುಮ್ನೆ ಹೆಸರಿಸಿದ್ದು, ವಿಧಾನ ಬಳಸಿದ್ದು, ಡೇಟಾ ಬಳಸಿದ್ದು, ಒಪ್ಪದಿದ್ದದ್ದು. ಜಾಸ್ತಿ ಇದ್ದದ್ದು ಮೊದಲನೆಯದೇ. ಪೀಠಿಕೆಯ ಎರಡನೇ ವಾಕ್ಯದಲ್ಲಿ, ಇನ್ನೂ ನಾಲ್ಕು ಜನರ ಜೊತೆ ಒಂದೇ ಆವರಣದೊಳಗೆ. ನನ್ನ ರಿವ್ಯೂ ಲೇಖನದ ಸೈಟೇಶನ್‌ಗಳಂತೂ ಬಹುಪಾಲು ಇವೇ. ಪಟ್ಟಿಯಲ್ಲಿ ಅದೇ ಎಲ್ಲಕ್ಕಿಂತ ಮೇಲಿದೆ, ಆದರೆ ಅದರಲ್ಲಿ ಹೊಸ ಪ್ರಯೋಗ ಒಂದೂ ಇಲ್ಲ.

ನನಗೆ ಬೆಲೆಯುಳ್ಳದ್ದಾಗಿ ಕಂಡದ್ದು ಕೆಳಗೆ ಸಿಕ್ಕಿತು. ಒಂದು ಇಇಜಿ ಡೇಟಾವನ್ನು ಬಿಡ್ಸ್ (ಮಿದುಳಿನ ಡೇಟಾ ಜೋಡಿಸುವ ಒಂದು ಸಾಮಾನ್ಯ ಕ್ರಮ) ಮಾದರಿಯಲ್ಲಿ ಜೋಡಿಸಿ, ಯಾರು ಬೇಕಾದರೂ ಬಳಸಬಹುದಾದ ಓಪನ್‌ನ್ಯೂರೋ ಎಂಬ ಡೇಟಾ ಸಂಗ್ರಹದಲ್ಲಿ ಹಾಕಿದ್ದೆ. ನನಗೆ ಪರಿಚಯವೇ ಇಲ್ಲದ ಲ್ಯಾಬ್‌ಗಳು ಅದರಿಂದ ನಾನು ಯೋಚಿಸದ ಪ್ರಶ್ನೆಗಳನ್ನು ಕೇಳಿದ್ದವು. ಇನ್ನೊಂದು ತಂಡ ನನ್ನ ಹಳೆಯ ಪ್ರಯೋಗವನ್ನು ಹೆಚ್ಚು ಜನರ ಮೇಲೆ ಮತ್ತೆ ಮಾಡಿತ್ತು. ಪರಿಣಾಮ ಅದೇ ದಿಕ್ಕಿನಲ್ಲಿ, ಗಾತ್ರ ಮಾತ್ರ ಚಿಕ್ಕದು. 2013ರಲ್ಲಿ ಬಟನ್ ಮತ್ತು ಸಂಗಡಿಗರು ನರವಿಜ್ಞಾನದ ಅಧ್ಯಯನಗಳ ನಡುಮಟ್ಟದ (ಮೀಡಿಯನ್) ಪವರ್, ಅಂದರೆ ನಿಜಕ್ಕೂ ಇರುವ ಪರಿಣಾಮ ಪ್ರಯೋಗದಲ್ಲಿ ಕಾಣಿಸುವ ಸಾಧ್ಯತೆ, ಸುಮಾರು ಶೇ. 21 ಅಂತ ಅಂದಾಜಿಸಿದ್ದರು. ಪವರ್ ಅಷ್ಟು ಕಡಿಮೆ ಇದ್ದಾಗ ಮೊದಲ ಸಲ ಕಂಡ ಪರಿಣಾಮ ಉಬ್ಬಿಕೊಂಡಿರುವುದು ಸಹಜ. ಆ ತಂಡದ ಫಲಿತಾಂಶವನ್ನು ಒಂದು ಪುಟದ ವಿವರಣೆಯ ಮೇಲ್ಭಾಗದಲ್ಲೇ ಇಟ್ಟೆ. ಸುಮ್ನೆ ಹೆಸರಿಸಿದ ನೂರು ಸಾಲಿಗಿಂತ ಅದು ಜಾಸ್ತಿ ಹೇಳುತ್ತದೆ ಅನ್ನೋದು ನನ್ನ ಲೆಕ್ಕ.

ಸಾಧನದ ಪೇಪರ್‌ಗಳ ಕಥೆಯೇ ಬೇರೆ. ಇಇಜಿ ಡೇಟಾ ವಿಶ್ಲೇಷಿಸುವ ಇಇಜಿಲ್ಯಾಬ್ ಎಂಬ ತಂತ್ರಾಂಶದ ಬಗ್ಗೆ ಡೆಲೋರ್ಮ್ ಮತ್ತು ಮೇಕಿಗ್ 2004ರಲ್ಲಿ ಬರೆದ ಪೇಪರ್‌ಗೆ ಹತ್ತಾರು ಸಾವಿರ ಸೈಟೇಶನ್‌ಗಳಿವೆ. ಅದನ್ನು ಬಳಸಿದವರೆಲ್ಲ ಉಲ್ಲೇಖಿಸಲೇಬೇಕು. ಮಿದುಳಿನ ಶಸ್ತ್ರಚಿಕಿತ್ಸೆಯ ನಂತರ ಹೊಸ ನೆನಪು ಉಳಿಯದಂತಾದ ಎಚ್.ಎಂ. ಎಂಬ ರೋಗಿಯ ಬಗ್ಗೆ ಸ್ಕೋವಿಲ್ ಮತ್ತು ಮಿಲ್ನರ್ 1957ರಲ್ಲಿ ಬರೆದದ್ದನ್ನು ಇದರ ಪಕ್ಕ ಇಟ್ಟು ಯಾವುದು ದೊಡ್ಡದು ಅಂತ ಕೇಳುವುದೇ ತಮಾಷೆ.

ಅರ್ಜಿಯಲ್ಲಿ ಜರ್ನಲ್‌ನ ಇಂಪ್ಯಾಕ್ಟ್ ಫ್ಯಾಕ್ಟರ್‌ಗೂ (ಆ ಜರ್ನಲ್‌ನ ಲೇಖನಗಳಿಗೆ ಸರಾಸರಿ ಬರುವ ಸೈಟೇಶನ್) ಒಂದು ಖಾನೆ ಇತ್ತು. ಖಾಲಿ ಬಿಟ್ಟೆ. ಸಂಶೋಧನೆಯನ್ನು ಅಳೆಯುವ ಬಗೆಯ ಕುರಿತಾದ 2012ರ ಡೋರಾ ಘೋಷಣೆ ಆ ಅಂಕಿಯಿಂದ ವ್ಯಕ್ತಿಯನ್ನು ಅಳೆಯಬಾರದು ಅನ್ನುತ್ತದೆ ಅಂತ ಒಂದು ಸಾಲು ಬರೆದೆ. ಬದಲಿಗೆ ಅಮೆರಿಕದ ಆರೋಗ್ಯ ಸಂಶೋಧನಾ ಸಂಸ್ಥೆ ಎನ್‌ಐಎಚ್‌ನ ಐಸೈಟ್ ಎಂಬ ತಾಣದಿಂದ ಸಾಪೇಕ್ಷ ಸೈಟೇಶನ್ ಅನುಪಾತ ಕೊಟ್ಟೆ. ಅದು ಪೇಪರನ್ನು ಅದೇ ಕ್ಷೇತ್ರದ ಪೇಪರ್‌ಗಳ ಜೊತೆ ಹೋಲಿಸುತ್ತದೆ. ಎನ್‌ಐಎಚ್ ಹಣದಿಂದ ನಡೆದ ಪೇಪರ್‌ಗಳ ನಡುಮಟ್ಟ ಅಲ್ಲಿ 1. ಸಮಿತಿಯಲ್ಲಿ ಒಬ್ಬರು ಖಾಲಿ ಖಾನೆಯ ಬಗ್ಗೆ ಕೇಳಿದರು. ಉಳಿದವರು ಕೇಳಿದ್ದೆಲ್ಲ ಓಪನ್‌ನ್ಯೂರೋ ಡೇಟಾ ಬಗ್ಗೆ.

ಶೀಟನ್ನು ಈಗಲೂ ಮುಂದುವರಿಸುತ್ತಿದ್ದೇನೆ. ಸ್ಕಾಲರ್ ಅಲರ್ಟ್ ಬಂದರೆ ಮೊದಲು ಹುಡುಕುವುದು ಒಪ್ಪದವರ ಸಾಲನ್ನು.